ಒಂಬತ್ತನೇ ಕ್ಲಾಸಿಗೆ ಮೊಬೈಲ್ ಪಾಠ: ಏನು ಹೇಳಿಕೊಡ್ತೀರಿ, ಹೇಗೆ ಹೇಳಿಕೊಡ್ತೀರಿ?

ವರದಾ_ತೀರ

ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡ್ತೀನಿ. ನನ್ನ ಒಂಬತ್ತನೇ ಕ್ಲಾಸಿನಲ್ಲಿ ಸ್ವಂತ ಫೋನ್ ಇರೋ ಮಕ್ಕಳು ಬೆರಳೆಣಿಕೆಯಷ್ಟು. ಉಳಿದವರದ್ದೆಲ್ಲ ಅಪ್ಪನ ಫೋನು, ಇಲ್ಲಾ ಅಣ್ಣ ಬಿಟ್ಟ ಒಡೆದ ಫೋನು, ಅದೂ ಅಪ್ಪ ಹೊಲದಿಂದ ಬಂದ ಮೇಲೆ. ಹಾಗಿದ್ದೂ ಇನ್‌ಸ್ಟಾಗ್ರಾಂ ಖಾತೆ ಇಲ್ಲದವರು ಕಡಿಮೆ. ಹುಟ್ಟಿದ ವರ್ಷ ಮಾತ್ರ ಎಲ್ಲರದ್ದೂ ಸುಳ್ಳು.

ಹೋದ ತಿಂಗಳು ಹುಡುಗರು ಒಬ್ಬ ಹುಡುಗಿಯ ಫೋಟೋ ಹಿಡಿದು ವಾಟ್ಸಾಪ್ ಸ್ಟಿಕರ್ ಮಾಡಿ ತಮ್ಮ ಗುಂಪಿನಲ್ಲಿ ಹರಿಬಿಟ್ಟರು. ಅಶ್ಲೀಲ ಅಲ್ಲ, ಗೇಲಿ. ಅವಳು ಶಾಲೆಗೆ ಬರೋದನ್ನೇ ಬಿಟ್ಟಳು. ಕಾರಣ ಏನಂತ ನಮಗೆ ಗೊತ್ತಾಗಿದ್ದು ಅವಳ ತಾಯಿ ಟಿ.ಸಿ. ಕೇಳೋಕೆ ಬಂದಾಗ. ಮಾತಾಡಿ ಸಮಾಧಾನ ಮಾಡಿದ್ದೇವೆ, ಈಗ ಬರ್ತಿದ್ದಾಳೆ. "ಶನಿವಾರ ಒಂದು ಪಿರಿಯಡ್ ತಗೊಂಡು ಮೊಬೈಲ್ ದುರ್ಬಳಕೆ ಬಗ್ಗೆ ಮಾತಾಡಿಬಿಡಿ ಮೇಡಂ" ಅಂದಿದ್ದಾರೆ ಹೆಡ್‌ಮಾಸ್ತರರು. ಭಾಷಣ ಮಾಡಿದರೆ ಮಕ್ಕಳು ಕೈಕಟ್ಟಿ ಕೂತು ಕೇಳ್ತಾರೆ, ಸಂಜೆ ಅದೇ ಕೆಲಸ. ಪಾಠ ಅಂತ ನಿಜವಾಗಿ ಮಾಡಿದವರು ಯಾರಾದ್ರೂ ಇದ್ದೀರಾ? ಲ್ಯಾಬಿನಲ್ಲಿ ಹತ್ತು ಕಂಪ್ಯೂಟರ್ ಇವೆ, ಯುಪಿಎಸ್ ಬ್ಯಾಟರಿ ಹೋಗಿ ವರ್ಷ ಆಯ್ತು. ಅದನ್ನೂ ಲೆಕ್ಕಕ್ಕಿಟ್ಟುಕೊಂಡು ಹೇಳಿ.

ಕೋಡ್_ಕೆಲಸಗಾರ

ಮೇಡಂ, ಮೂಲಭೂತ ವಿಷಯಗಳಿಂದ ಶುರು ಮಾಡಿ. ಗಟ್ಟಿ ಪಾಸ್‌ವರ್ಡ್, ಎರಡು ಹಂತದ ದೃಢೀಕರಣ, ಖಾತೆ ಪ್ರೈವೇಟ್ ಮಾಡೋದು, ಅಪರಿಚಿತರ ರಿಕ್ವೆಸ್ಟ್ ಒಪ್ಪದಿರೋದು, ಲೊಕೇಶನ್ ಆಫ್. ಈ ಐದನ್ನು ಒಂದು ಚಾರ್ಟ್ ಮಾಡಿ ಗೋಡೆಗೆ ಅಂಟಿಸಿ. ನಮ್ಮ ಕಂಪನಿಯಲ್ಲಿ ಹೊಸಬರಿಗೆ ಕೊಡೋ ತರಬೇತಿಯೂ ಇಷ್ಟೇ.

ವರದಾ_ತೀರ

ಸರ್, ಧನ್ಯವಾದ. ಆದರೆ ನಮ್ಮ ಮಕ್ಕಳ ಫೋನ್ ಅವರದ್ದಲ್ಲವಲ್ಲ. ಒಂದೇ ಫೋನಿನಲ್ಲಿ ಅಪ್ಪನ ಫೋನ್‌ಪೇ, ಅಮ್ಮನ ಸಂಘದ ಗುಂಪು, ಅಣ್ಣನ ರೀಲ್ಸ್, ತಂಗಿಯ ಹೋಮ್‌ವರ್ಕ್. ಪ್ಯಾಟರ್ನ್ ಲಾಕ್ ಇಡೀ ಮನೆಗೆ ಗೊತ್ತು, ಪಕ್ಕದ ಮನೆಗೂ. ಒಟಿಪಿ ಬಂದರೆ ಅಪ್ಪನಿಗೆ ಓದಿ ಹೇಳೋದೇ ಈ ಮಕ್ಕಳು.

ಧಾರವಾಡ_ಪೇಡೆ

ಅಕ್ಕಾರ, ಖರೇ ಅಂದ್ರಿ. ಎಲ್ಲಾ ಪಾಠನೂ ಒಬ್ಬರಿಗೆ ಒಂದು ಫೋನು ಅಂತ ಹಿಡಕೊಂಡs ಬರದಿರ್ತಾರ. ನಾನು ಪಿಯು ಕಾಲೇಜಿನಾಗ ಕಾಮರ್ಸ್ ಹೇಳ್ತೀನ್ರಿ. ನಮ್ಮಲ್ಲಿ ಸ್ಟಿಕರ್ ಕಾಟ ಆಮ್ಯಾಲ, ಮೊದಲ ರೊಕ್ಕದ ಕಾಟ. ಹದಿನೆಂಟು ತುಂಬಿದ ಹುಡುಗಗ ಯಾರೋ ಬಂದು "ನಿನ್ನ ಅಕೌಂಟು ಎಟಿಎಂ ಕಾರ್ಡು ಒಂದ್ ತಿಂಗಳ ಕೊಡು, ಕಮಿಷನ್ ಕೊಡ್ತೀನಿ" ಅಂತಾನ. ಹುಡುಗ ಕೊಡ್ತಾನ. ಎಲ್ಲೋ ಯಾರನ್ನೋ ಮೋಸ ಮಾಡಿದ ರೊಕ್ಕ ಆ ಅಕೌಂಟಿನ ಮ್ಯಾಲೆ ಹಾದು ಹೋಗ್ತದ. ಕಡೀಕ ಪೊಲೀಸರು ಹುಡುಕ್ಕೊಂಡು ಬರೋದು ಈ ಹುಡುಗನ ಮನಿಗೆ, ಕಮಿಷನ್ ಕೊಟ್ಟಾಂವನ ಮನಿಗಲ್ಲ. ಪೊಲೀಸ್ ಭಾಷಾದಾಗ ಮ್ಯೂಲ್ ಅಕೌಂಟ್ ಅಂತಾರಲ್ರಿ, ಅದು. ನಮ್ಮ ಹುಡುಗರು "ಅಕೌಂಟ್ ಬಾಡಿಗಿ" ಅಂತಾರ, ಮನಿ ಬಾಡಿಗಿ ಕೊಟ್ಟಷ್ಟs ಸಲೀಸಾಗಿ.

ಒಂಬತ್ತನೇ ಕ್ಲಾಸಿಗೆ ನೀವು ಹೇಳಬೇಕಾದ್ದು ಯುಪಿಐ. ಒಂದs ಒಂದು ಮಾತು ತಲ್ಯಾಗ ಕೂಡ್ರಿಸ್ರಿ: ಪಿನ್ ಒತ್ತೋದು ರೊಕ್ಕ ಕಳಸೂದಕ್ಕ, ರೊಕ್ಕ ಬರೋದಕ್ಕ ಪಿನ್ ಬೇಕಾಗಂಗಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡೂದೂ ಬೇಕಾಗಂಗಿಲ್ಲ. ಹಳೇ ಸೈಕಲ್ ಮಾರಾಕ ಹಾಕಿದಾಗ "ಅಡ್ವಾನ್ಸ್ ಕಳಸ್ತೀನಿ, ಸ್ಕ್ಯಾನ್ ಮಾಡ್ರಿ" ಅನ್ನಾಂವ ಕಳ್ಳ. ಇದನ್ನ ಮಗು ಕಲಿತ್ರ ಮನಿಮಂದಿ ಎಲ್ಲಾರೂ ಕಲಿತಂಗ. ಯಾಕಂದ್ರ ಮನ್ಯಾಗ ಕ್ಯಾಷಿಯರ್ ಅದs.

ಕೋಡ್_ಕೆಲಸಗಾರ

ಒಪ್ಪಿದೆ. ಹಾಗಾದರೆ ಎಪಿಕೆ ವಿಷಯವನ್ನೂ ಸೇರಿಸಿ. ಮದುವೆ ಕರೆಯೋಲೆ, ಆರ್‌ಟಿಒ ದಂಡದ ಚಲನ್, ಪಿಎಂ ಕಿಸಾನ್ ಅಂತೆಲ್ಲ ಹೆಸರಿಟ್ಟು ವಾಟ್ಸಾಪಿನಲ್ಲಿ ಫೈಲ್ ಬರುತ್ತೆ. ಕೊನೆಯಲ್ಲಿ ಡಾಟ್ ಎಪಿಕೆ ಅಂತಿದ್ದರೆ ಅದು ಕರೆಯೋಲೆಯೂ ಅಲ್ಲ, ಚಲನ್ನೂ ಅಲ್ಲ, ಒಂದು ಆ್ಯಪ್. ಇನ್‌ಸ್ಟಾಲ್ ಮಾಡಿ ಕೇಳಿದ್ದಕ್ಕೆಲ್ಲ ಅನುಮತಿ ಒತ್ತಿದರೆ ಎಸ್ಸೆಮ್ಮೆಸ್ ಓದುತ್ತೆ, ಅಂದರೆ ಒಟಿಪಿ ಅದಕ್ಕೆ ಸಿಕ್ಕ ಹಾಗೆ. ಬರೋದು ಪರಿಚಯದವರ ನಂಬರಿನಿಂದಲೇ, ಯಾಕಂದರೆ ಅವರ ಫೋನ್ ಆಗಲೇ ಬಿದ್ದಿರುತ್ತೆ. ಹಾಗಾಗಿ "ಅಪರಿಚಿತರನ್ನು ನಂಬಬೇಡಿ" ಅನ್ನೋ ನನ್ನ ಚಾರ್ಟ್ ಇಲ್ಲಿ ಕೆಲಸಕ್ಕೆ ಬರಲ್ಲ.

ಚಂದ್ರಗಿರಿ_ಹೊಳೆ

ನಾನು ಕಾಸರಗೋಡಿನವ, ಕನ್ನಡ ಮಾಧ್ಯಮದಲ್ಲಿ ಟೀಚರ್. ಕೇರಳ ಸಿಲೆಬಸ್ ಆದ ಕಾರಣ ನಮಗೆ ಐಸಿಟಿ, ಅಂದ್ರೆ ಮಾಹಿತಿ ತಂತ್ರಜ್ಞಾನ, ಅಂತ ಬೇರೆಯೇ ಪಾಠಪುಸ್ತಕ ಉಂಟು, ಕನ್ನಡದಲ್ಲೇ. ಸುಳ್ಳು ಸುದ್ದಿ ಗುರುತಿಸ್ಲಿಕ್ಕೆ ಕಲಿಸುವುದು ಈಗ ಅದರ ಒಳಗೇ ಬಂದಿದೆ. ಇದರ ಹಿಂದೆ ಒಂದು ಕತೆ ಉಂಟು. 2018ರಲ್ಲಿ ಪಕ್ಕದ ಕಣ್ಣೂರಿನಲ್ಲಿ ಆಗಿನ ಜಿಲ್ಲಾಧಿಕಾರಿ ಮೀರ್ ಮೊಹಮ್ಮದ್ ಅಲಿ ಅವರು ಸುಮಾರು 150 ಸರ್ಕಾರಿ ಶಾಲೆಗಳಲ್ಲಿ "ಸತ್ಯಮೇವ ಜಯತೇ" ಅಂತ ಸುಳ್ಳು ಸುದ್ದಿಯ ಕ್ಲಾಸ್ ಶುರು ಮಾಡಿದ್ರು. ಲಸಿಕೆಯ ಬಗ್ಗೆ ವಾಟ್ಸಾಪಿನಲ್ಲಿ ಬಂದ ಗಾಳಿಮಾತು ನಂಬಿ ಜನ ಮಕ್ಕಳಿಗೆ ಚುಚ್ಚುಮದ್ದು ಹಾಕಿಸ್ಲಿಕ್ಕೆ ಹಿಂದೇಟು ಹಾಕಿದ್ದು ಅದಕ್ಕೆ ಒಂದು ಕಾರಣ.

ಮತ್ತೆ ನಮ್ಮಲ್ಲಿ ಹೈಸ್ಕೂಲಿನಲ್ಲಿ ಲಿಟಲ್ ಕೈಟ್ಸ್ ಅಂತ ಮಕ್ಕಳ ಐಟಿ ಕ್ಲಬ್ ಉಂಟು, ಅದೂ 2018ರದ್ದೇ. ಅದರ ಲಾಭ ಹೇಳ್ತೇನೆ. ಟೀಚರ್ ಹೇಳಿದ್ದನ್ನು ಮಕ್ಕಳು ಅರ್ಧ ಕೇಳುವುದು. ಹತ್ತನೇ ಕ್ಲಾಸಿನ ಹುಡುಗಿ ಬಂದು ಎಂಟನೆಯವರಿಗೆ ಹೇಳಿದ್ರೆ ಪೂರಾ ಕೇಳುವುದು. ನಿಮ್ಮಲ್ಲಿ ಕ್ಲಬ್ ಇಲ್ಲದಿದ್ರೆ ಬೇಡ, ನಾಲ್ಕು ದೊಡ್ಡ ಮಕ್ಕಳನ್ನು ತಯಾರು ಮಾಡಿ ಸಾಕು.

ಬೀದರ್_ಕೋಟೆ

2018 ಅಂದಕೂಡಲೇ ನಮಗೆ ಮುರ್ಕಿ ನೆನಪಾಗ್ತದ್ರಿ. ನಮ್ಮ ಜಿಲ್ಲೆಯ ಊರು. ಆ ಜುಲೈ ತಿಂಗಳಲ್ಲಿ ಕಾರಿನಲ್ಲಿ ಬಂದಿದ್ದ ಗೆಳೆಯರ ಗುಂಪೊಂದು ದಾರಿಯ ಊರಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟ್ ಕೊಟ್ಟಿತು. ಮಕ್ಕಳ ಕಳ್ಳರು ಅಂತ ಸುದ್ದಿ ಹಬ್ಬಿತು. ಅಲ್ಲಿಂದ ಹೊರಟವರ ವಿಡಿಯೋ ವಾಟ್ಸಾಪಿನಲ್ಲಿ ಕಾರಿಗಿಂತ ಮೊದಲೇ ಮುರ್ಕಿಗೆ ಮುಟ್ಟಿತ್ತು, ಜನ ದಾರಿಗೆ ಅಡ್ಡಕಟ್ಟಿ ಕಾಯ್ತಿದ್ರು. ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಸತ್ತ. ಬಂಧಿತರಲ್ಲಿ ವಾಟ್ಸಾಪ್ ಗುಂಪಿನ ಅಡ್ಮಿನ್ ಕೂಡ ಇದ್ದ. ಅದಕ್ಕೂ ಎರಡು ತಿಂಗಳ ಹಿಂದೆ ಬೆಂಗಳೂರಿನಲ್ಲೂ ಇದೇ ಗುಮಾನಿಯಿಂದ ರಾಜಸ್ಥಾನದ ಒಬ್ಬ ಕೂಲಿಯವನನ್ನ ಹೊಡೆದು ಕೊಂದಿದ್ರು.

ನಾನು ಪಾಠ ಮಾಡೋದು ಹೀಗೆ. ಆಗ ದೇಶವೆಲ್ಲ ಹರಿದಾಡಿದ ವಿಡಿಯೋ ಒಂದಿತ್ತು: ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನ ಎತ್ತಿಕೊಂಡು ಹೋಗ್ತಾರೆ. ಅಸಲಿಗೆ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಜಾಹೀರಾತು. ಪೂರ್ತಿ ವಿಡಿಯೋದಲ್ಲಿ ಅವರೇ ಮಗುವನ್ನ ವಾಪಸ್ ತಂದುಬಿಟ್ಟು, ಮಗುವನ್ನು ಎತ್ತಿಕೊಂಡು ಹೋಗಲು ಒಂದು ಕ್ಷಣ ಸಾಕು ಎಂಬರ್ಥದ ಫಲಕ ಹಿಡೀತಾರೆ. ಕೊನೆಯ ಭಾಗ ಕತ್ತರಿಸಿದ್ದಕ್ಕೆ ಅದೇ ವಿಡಿಯೋ ಕಿಚ್ಚು ಹಚ್ಚಿತು. ನಾನು ಮೊದಲು ಕತ್ತರಿಸಿದ್ದನ್ನೇ ಕತೆಯಾಗಿ ಹೇಳಿ "ಏನು ಮಾಡ್ತೀರಿ?" ಅಂತ ಚೀಟಿಯಲ್ಲಿ ಬರೆಸ್ತೀನಿ. ಹೆಚ್ಚಿನವರು ಬರೆಯೋದು "ಎಲ್ಲರಿಗೂ ಕಳಿಸಿ ಎಚ್ಚರಿಸ್ತೀನಿ" ಅಂತ. ಆಮೇಲೆ ಉಳಿದ ಭಾಗ ಹೇಳ್ತೀನಿ. ಯಾರನ್ನೂ ಬೈಯೋದಿಲ್ಲ, ಎಚ್ಚರಿಸಬೇಕು ಅನ್ನೋ ಒಳ್ಳೆ ಮನಸ್ಸಿನಿಂದಲೇ ಇದೆಲ್ಲ ಹಬ್ಬೋದು. ಮುರ್ಕಿ ವಿಷಯ ಕೊನೆಗೆ, ಬಹಳ ಹೊತ್ತು ಬಿಟ್ಟು. ಕರೆಂಟ್ ಬೇಕಿಲ್ಲ, ಲ್ಯಾಬ್ ಬೇಕಿಲ್ಲ.

ತುಮಕೂರು_ನಿವೃತ್ತ

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಆ ಘಟನೆಗಳಾದ ಮೇಲೆಯೇ ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡನ್ನು ಒಮ್ಮೆಗೆ ಐದು ಕಡೆಗೆ ಮಿತಿಗೊಳಿಸಿತು. 2020ರ ಏಪ್ರಿಲ್‌ನಲ್ಲಿ, ಹಲವು ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆ ಕಳಿಸಬಹುದು ಎಂದಾಯಿತು. ಜೋಡಿ ಬಾಣದ ಗುರುತು ಅದಕ್ಕೇ ಇರುವುದು. ಮಕ್ಕಳಿಗೆ ಆ ಗುರುತಿನ ಅರ್ಥ ಕೇಳಿ ನೋಡಿ. ತುಂಬ ಜನ ನೋಡಿದ್ದಾರೆಂದರೆ ನಿಜವೇ ಇರಬೇಕು ಎಂದುಕೊಂಡವರು ನನ್ನ ವಾಯುವಿಹಾರದ ಗೆಳೆಯರಲ್ಲೂ ಇದ್ದಾರೆ, ಎಲ್ಲರೂ ಗೆಜೆಟೆಡ್ ಹುದ್ದೆಯಲ್ಲಿದ್ದವರು.

ರಾಜಾಜಿನಗರ_ಅಮ್ಮ

ಎಲ್ಲರೂ ಬಳಸೋದು ಹೇಗೆ ಅಂತಲೇ ಹೇಳ್ತಿದ್ದೀರಿ. ಹದಿನಾರರ ತನಕ ಕೊಡಲೇಬಾರದು ಅಂತ ಯಾಕೆ ಯಾರೂ ಹೇಳ್ತಿಲ್ಲ? ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಗೀಳಿಗೇ ಅಂತ ಶಟ್ ಕ್ಲಿನಿಕ್ ತೆರೆದದ್ದು 2014ರಲ್ಲಿ. ಅಂದ್ರೆ ಆಗಲೇ ಡಾಕ್ಟರ್ ಹತ್ರ ಹೋಗೋ ಮಟ್ಟಕ್ಕೆ ಬಂದಿತ್ತು. ನನ್ನ ಮಗ ಊಟ ಮಾಡೋದು ಯೂಟ್ಯೂಬ್ ಮುಂದೆ. ಆಸ್ಟ್ರೇಲಿಯಾ ಮಾಡಿದ ಹಾಗೆ ನಮ್ಮಲ್ಲೂ ಮುಚ್ಚಿಬಿಡಬೇಕು.

ಮೆಲ್ಬರ್ನ್_ಮಂಡ್ಯ

ಇಲ್ಲಿಂದಲೇ ಬರೀತಿದ್ದೀನಿ ಅಕ್ಕ. 2025ರ ಡಿಸೆಂಬರ್ 10ರಿಂದ ಜಾರಿ. ಹದಿನಾರರ ಒಳಗಿನವರು ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ಸ್ನ್ಯಾಪ್‌ಚಾಟ್, ಯೂಟ್ಯೂಬ್ ಖಾತೆ ಇಟ್ಟುಕೊಳ್ಳೋ ಹಾಗಿಲ್ಲ. ದಂಡ ಕಂಪನಿಗೆ, ಮಗುವಿಗೂ ಇಲ್ಲ, ಅಪ್ಪ-ಅಮ್ಮನಿಗೂ ಇಲ್ಲ. ಆದರೆ ವಾಟ್ಸಾಪ್ ಆ ಪಟ್ಟಿಯಲ್ಲಿಲ್ಲ. ಯೂಟ್ಯೂಬ್ ಖಾತೆ ಇಲ್ಲದೆ ನೋಡೋದಕ್ಕೂ ಅಡ್ಡಿಯಿಲ್ಲ. ಅಂದರೆ ನಿಮ್ಮ ಮಗನ ಊಟದ ಸಮಸ್ಯೆಯೂ ಹಾಗೇ ಉಳಿಯುತ್ತೆ, ಮೇಡಂ ಅವರ ಸ್ಟಿಕರ್ ಸಮಸ್ಯೆಯೂ ಹಾಗೇ ಉಳಿಯುತ್ತೆ. ಕಾನೂನು ಬೇಡ ಅಂತಿಲ್ಲ ನಾನು. ನನ್ನ ಮಗಳ ವಿಷಯದಲ್ಲಿ "ಎಲ್ಲರ ಹತ್ರ ಇದೆ, ನನ್ನ ಹತ್ರ ಮಾತ್ರ ಇಲ್ಲ" ಅನ್ನೋ ಜಗಳ ಕಡಿಮೆಯಾಯ್ತು, ಅದು ಸಣ್ಣ ವಿಷಯವಲ್ಲ. ಶಾಲೆಯ ಪಾಠ ಮಾತ್ರ ನಿಂತಿಲ್ಲ.

ರಾಜಾಜಿನಗರ_ಅಮ್ಮ

ಜಗಳ ಕಡಿಮೆಯಾದ್ರೂ ಸಾಕಪ್ಪ ನಂಗೆ.

ಕಪ್ಪತಗುಡ್ಡ

ಒಂದು ಪ್ರಶ್ನೆ ಕೇಳ್ತೀನಿ ವರದಾ ಮೇಡಂ, ಬೇಜಾರಾಗಬೇಡಿ. ಆ ಹುಡುಗಿ ಹತ್ರ ಫೋನೇ ಇಲ್ಲ ಅನ್ನೋ ಹಾಗಿದ್ರೆ ಹುಡುಗರಿಗೆ ಅವಳ ಫೋಟೋ ಎಲ್ಲಿ ಸಿಕ್ತು?

ವರದಾ_ತೀರ

ಕೇಳಿದ್ದು ಒಳ್ಳೇದಾಯ್ತು. ಪ್ರತಿಭಾ ಕಾರಂಜಿಯಲ್ಲಿ ಅವಳು ಛದ್ಮವೇಷ ಹಾಕಿದ್ದಳು. ನಮ್ಮ ಸಹೋದ್ಯೋಗಿಯೊಬ್ಬರು ಫೋಟೋ ತೆಗೆದು ಶಾಲೆಯ ಪೋಷಕರ ಗುಂಪಿಗೂ ಹಾಕಿದ್ರು, ತಮ್ಮ ಸ್ಟೇಟಸ್‌ಗೂ ಇಟ್ಟಿದ್ರು. ಪ್ರೀತಿಯಿಂದಲೇ. ಅಲ್ಲಿಂದ ಕತ್ತರಿಸಿದ್ದು.

ಕಪ್ಪತಗುಡ್ಡ

ಅನ್ಕೊಂಡೆ. ಈ ಚರ್ಚೆಯಲ್ಲಿ ಎಲ್ಲರೂ ಮಕ್ಕಳಿಗೆ ಏನು ಕಲಿಸಬೇಕು ಅಂತಲೇ ಮಾತಾಡ್ತಿದ್ದೀವಿ. ಶಾಲೆ ಏನು ಮಾಡ್ತಿದೆ ಅಂತ ನೋಡಿ. ಬಿಸಿಯೂಟ ಬಡಿಸಿದರೆ ಫೋಟೋ, ಮೊಟ್ಟೆ ಕೊಟ್ಟರೆ ಫೋಟೋ, ಶೂ ಹಂಚಿದರೆ ಫೋಟೋ, ದಾನಿಗಳು ನೋಟ್‌ಬುಕ್ ಕೊಟ್ಟರೆ ಮಗುವಿನ ಕೈಗೊಂದು ಪುಸ್ತಕ ಹಿಡಿಸಿ ಸಾಲಾಗಿ ನಿಲ್ಲಿಸಿ ಫೋಟೋ. ಸುತ್ತಲಿನ ಶಾಲೆಗಳ ಕ್ಲಸ್ಟರ್ ವಾಟ್ಸಾಪ್ ಗುಂಪಿಗೆ ಹಾಕಬೇಕು, ಇಲ್ಲದಿದ್ರೆ ಕಾರ್ಯಕ್ರಮ ಆಗಿಯೇ ಇಲ್ಲ ಅನ್ನೋ ಹಾಗೆ. ಆಧಾರ್ ಸಂಖ್ಯೆ, ಜಾತಿ ಪ್ರಮಾಣಪತ್ರದ ಫೋಟೋ, ಅಪ್ಪನ ಮೊಬೈಲ್ ನಂಬರ್ ಎಲ್ಲ ವಾಟ್ಸಾಪಿನಲ್ಲಿ ಓಡಾಡ್ತವೆ. ಮಕ್ಕಳ ವಿವರ ತುಂಬೋ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಸ್ಯಾಟ್ಸ್ ಎಂಟ್ರಿಗೆ ಲಾಗಿನ್ ಪಾಸ್‌ವರ್ಡನ್ನ ಸ್ಟಾಫ್ ರೂಮಿನ ಗೋಡೆ ಮೇಲೆ ಬರೆದಿದ್ದನ್ನ ನಾನೇ ನೋಡಿದ್ದೀನಿ. ಕೆಲವೊಮ್ಮೆ ಬೆರಳು ಚುರುಕಾಗಿರೋ ಹುಡುಗನನ್ನೇ ಕೂರಿಸಿ ಎಂಟ್ರಿ ಮಾಡಿಸ್ತಾರೆ.

ಇಷ್ಟೆಲ್ಲ ನೋಡ್ತಾ ಬೆಳೆದ ಹುಡುಗನಿಗೆ, ಬೇರೆಯವರ ಫೋಟೋ ಕೇಳದೆ ಬಳಸಬಾರದು ಅಂತ ನೀವು ಶನಿವಾರ ಹೇಳಿದರೆ ಅವನು ಏನಂತ ನಂಬಬೇಕು? ಕೇಳದೆ ಬಳಸೋದನ್ನ ಕಲಿತಿದ್ದೇ ಶಾಲೆಯಲ್ಲಿ.

ತುಮಕೂರು_ನಿವೃತ್ತ

ಮಾತು ಖಾರವಾಯಿತು, ಆದರೆ ಶಿಕ್ಷಕರ ಮೇಲೆ ಪೂರ್ತಿ ಹೊರಿಸಬೇಡಿ. ಫೋಟೋ ಕೇಳುವವರು ಮೇಲಿನವರು. ಇಲ್ಲವೆಂದರೆ ನೋಟಿಸ್ ಬರುತ್ತದೆ.

ಕಪ್ಪತಗುಡ್ಡ

ಸರ್, ಮೇಲಿನವರು ಕೇಳೋದು ಬಿಸಿಯೂಟ ಬಡಿಸಿದ್ದಕ್ಕೆ ದಾಖಲೆ. ಮುಖ ಬೇಕು ಅಂತ ಕೇಳಿದ್ದಾರಾ? ಹಿಂದಿನಿಂದ ತೆಗೀಬಹುದು, ತಟ್ಟೆಗಳ ಸಾಲು ತೆಗೀಬಹುದು. ಸ್ಟೇಟಸ್‌ಗೆ ಹಾಕಿ ಅಂತ ಯಾವ ಸುತ್ತೋಲೆಯೂ ಬಂದಿಲ್ಲವಲ್ಲ.

ಕರಿಕೋಟು

ವಕೀಲಿಕೆ ಮಾಡುತ್ತೇನೆ, ಹಾಗಾಗಿ ಕಾನೂನಿನ ಭಾಗ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸುವ ಮುಂಚೆ ತಂದೆ ತಾಯಿಯ ಖಾತ್ರಿಯಾದ ಒಪ್ಪಿಗೆ ಬೇಕು ಎನ್ನುವುದು ಅದರ ತಿರುಳು. ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದಿವೆ, ಹಂತ ಹಂತವಾಗಿ ಜಾರಿಯಾಗುತ್ತವೆ. ಶಾಲೆಗಳಿಗೆ ಕೆಲವು ವಿನಾಯಿತಿಗಳಿವೆ. ಅಧ್ಯಾಪಕರ ಖಾಸಗಿ ಸ್ಟೇಟಸ್ ಆ ವಿನಾಯಿತಿಯೊಳಗೆ ಬರುತ್ತದೆಂದು ನಾನಂತೂ ವಾದ ಮಾಡಲು ಹೋಗುವುದಿಲ್ಲ.

ಇನ್ನೊಂದು ವಿಷಯ ಹೆಚ್ಚು ತುರ್ತಿನದು. ಮೇಡಂ, ನಿಮ್ಮಲ್ಲಿ ಆದದ್ದು ಗೇಲಿ. ನಾಳೆ ಒಂದು ಮಗುವಿನ ನಗ್ನ ಚಿತ್ರವೋ, ಎಐ ಆ್ಯಪಿನಲ್ಲಿ ಮುಖ ಅಂಟಿಸಿ ಮಾಡಿದ್ದೋ ಕೈಗೆ ಬಂದರೆ "ಶಾಲೆಯ ಮಾನ ಹೋಗುತ್ತೆ, ಒಳಗೇ ಬಗೆಹರಿಸೋಣ" ಎನ್ನುವ ದಾರಿಯೇ ಇಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆಯ 19ನೇ ಕಲಮಿನಂತೆ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮಿನಲ್ಲಿ ಆರು ತಿಂಗಳವರೆಗೆ ಶಿಕ್ಷೆ ಆಗಬಹುದು, ಸಂಸ್ಥೆಯ ಮುಖ್ಯಸ್ಥರಿಗಾದರೆ ತಮ್ಮ ಕೈಕೆಳಗಿನವರ ಅಪರಾಧ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಸಾಕ್ಷಿಗೆ ಇರಲಿ ಎಂದು ಆ ಚಿತ್ರವನ್ನು ಸ್ಟಾಫ್ ಗುಂಪಿಗೆ ಫಾರ್ವರ್ಡ್ ಮಾಡುವುದೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಅಡಿ ತೊಂದರೆ ತರುತ್ತದೆ. ಅಂಥ ಚಿತ್ರ ಇಟ್ಟುಕೊಳ್ಳುವ ಬಗ್ಗೆ ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಬಹಳ ಬಿಗಿಯಾಗಿ ಹೇಳಿದೆ. ಯಾರಿಗೂ ಕಳಿಸಬೇಡಿ, ಫೋನನ್ನು ಇದ್ದ ಹಾಗೇ ಇಟ್ಟು ಠಾಣೆಗೆ ತಿಳಿಸಿ. ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳಿಗೆಂದೇ ಜಿಲ್ಲೆಗೊಂದು ಸೆನ್ ಠಾಣೆ ಇದೆ.

ಧಾರವಾಡ_ಪೇಡೆ

ವಕೀಲರ, ಇಷ್ಟೆಲ್ಲಾ ಹೇಳಿದ್ರ ನಮ್ಮ ಹುಡುಗೂರು ಹೆದರಿ ಮತ್ತs ಬಾಯಿ ಮುಚ್ಚಿಕೊಂಡು ಕೂಡ್ತಾವ. ಅವರಿಗೆ ಮೊದಲ ಗೊತ್ತಾಗಬೇಕಾದ್ದು ಯಾರಿಗೆ ಹೇಳೂದು ಅಂತ.

ಕರಿಕೋಟು

ಸರಿ. ಮಕ್ಕಳ ಸಹಾಯವಾಣಿ 1098. ಹಣ ಹೋಗಿದ್ದರೆ 1930, ಎಷ್ಟು ಬೇಗ ಕರೆ ಮಾಡಿದರೆ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಚಿತ್ರವೇ ಸಮಸ್ಯೆಯಾಗಿದ್ದರೆ "ಟೇಕ್ ಇಟ್ ಡೌನ್" ಎಂಬ ಉಚಿತ ಸೇವೆ ಇದೆ, ಹದಿನೆಂಟರ ಒಳಗಿನವರ ನಗ್ನ ಚಿತ್ರಗಳಿಗೆ. ಚಿತ್ರ ಫೋನಿನಿಂದ ಹೊರಗೆ ಹೋಗುವುದಿಲ್ಲ. ಅದರಿಂದ ಒಂದು ಸಂಖ್ಯಾ ಗುರುತು ಮಾತ್ರ ಹೊರಡುತ್ತದೆ, ಅದನ್ನಿಟ್ಟುಕೊಂಡು ಸೇವೆಯಲ್ಲಿ ಪಾಲ್ಗೊಂಡಿರುವ ಕಂಪನಿಗಳು ತಮ್ಮಲ್ಲಿರುವ ಪ್ರತಿಗಳನ್ನು ಹುಡುಕಿ ತೆಗೆಯುತ್ತವೆ. ವಾಟ್ಸಾಪಿನ ಖಾಸಗಿ ಮಾತುಕತೆಯೊಳಗೆ ಇದು ತಲುಪುವುದಿಲ್ಲ ಎನ್ನುವುದನ್ನೂ ಹೇಳಿ, ಸುಳ್ಳು ಭರವಸೆ ಬೇಡ.

ಬೀದರ್_ಕೋಟೆ

ಮಕ್ಕಳು ಯಾಕೆ ಹೇಳೋದಿಲ್ಲ ಅಂದ್ರೆ, ಹೇಳಿದ ತಕ್ಷಣ ಮನೆಯಲ್ಲಿ ಫೋನ್ ಕಿತ್ಕೋತಾರೆ. ಹುಡುಗಿಯಾದ್ರೆ ಶಾಲೆಯೇ ಬಿಡಿಸ್ತಾರೆ, ಮೇಡಂ ಊರಲ್ಲಿ ಆದ ಹಾಗೆ. ತಪ್ಪು ಮಾಡಿದವನು ಬೆಂಚಿನಲ್ಲಿ ಕೂತಿರ್ತಾನೆ, ಅನುಭವಿಸಿದವಳು ಮನೆಯಲ್ಲಿ. ಪೋಷಕರ ಸಭೆಯಲ್ಲಿ ಮೊದಲು ಇದನ್ನ ಎತ್ತಿ.

ಬೆರಳಚ್ಚು

ನಾನು ವಿಕಿಪೀಡಿಯಾದಲ್ಲಿ ಕನ್ನಡ ಲೇಖನ ಬರೆಯುವವನು. ಇಲ್ಲಿ ಎಲ್ಲವೂ ಹೆದರಿಕೆಯ ಮಾತೇ ಆಯ್ತು. ಅಂತರ್ಜಾಲದಲ್ಲಿ ಮಕ್ಕಳು ಏನನ್ನಾದರೂ ಕಟ್ಟಬಹುದು ಅನ್ನುವುದನ್ನೂ ತೋರಿಸಿ. ನಿಮ್ಮ ಊರಿನ ಬಗ್ಗೆ ಕನ್ನಡ ವಿಕಿಪೀಡಿಯಾದಲ್ಲಿ ಲೇಖನ ಇದೆಯಾ ನೋಡಿ. ಇದ್ದರೂ ಎರಡು ಸಾಲು ಇರುತ್ತದೆ. ಮಕ್ಕಳಿಂದ ಮೊದಲು ಕಾಗದದ ಮೇಲೆ ಬರೆಸಿ. ಬರೆಯುವಾಗಲೇ ಜಗಳ ಶುರುವಾಗುತ್ತದೆ: ಗುಡಿ ಯಾವ ಕಾಲದ್ದು? ನಮ್ಮಜ್ಜ ಸಾವಿರ ವರ್ಷ ಅಂತಾನೆ. ಆಧಾರ ಎಲ್ಲಿ? ಶಾಸನ ಓದಿದವರು ಬರೆದದ್ದು ಇದೆಯಾ? ಇಲ್ಲದಿದ್ದರೆ ಆ ಸಾಲು ಹೋಗಬೇಕು. ತಾವೇ ಬರೆದ ಸಾಲನ್ನು ತಾವೇ ಹೊಡೆದು ಹಾಕಿದ ಮಗು ಫಾರ್ವರ್ಡ್ ಬಂದಾಗಲೂ ಅದೇ ಪ್ರಶ್ನೆ ಕೇಳುತ್ತೆ. ಗೂಗಲ್‌ನಿಂದ ಎತ್ತಿದ ಫೋಟೋ ಹಾಕಿದರೆ ಅಲ್ಲಿ ಅಳಿಸುತ್ತಾರೆ, ತಾವು ತೆಗೆದದ್ದನ್ನೇ ಹಾಕಬೇಕು. ಫೋಟೋ ಯಾರದ್ದು ಅನ್ನೋ ಪಾಠ ಅಲ್ಲೇ ಆಗಿಹೋಗುತ್ತೆ. ಮಂಗಳೂರು ಕಡೆ ಕಾಲೇಜುಗಳಲ್ಲಿ ಇದನ್ನು ವರ್ಷಗಳಿಂದ ಮಾಡುತ್ತಿದ್ದಾರೆ, ಹೈಸ್ಕೂಲಿಗೆ ಭಾರವೇನಲ್ಲ. ಮಕ್ಕಳ ನಿಜವಾದ ಹೆಸರಿನಲ್ಲಿ ಖಾತೆ ತೆರೆಯಬೇಡಿ, ಅಷ್ಟೇ.

ವರದಾ_ತೀರ

ಶನಿವಾರದ ಪಿರಿಯಡ್ ಆಯ್ತು. ಬೀದರ್ ಸರ್ ಹೇಳಿದ ಕರಾಚಿ ವಿಡಿಯೋದ ಕತೆಯನ್ನೇ ತಗೊಂಡೆ, ಚೀಟಿ ಬರೆಸಿದೆ. ಚೆನ್ನಾಗಿ ಹೋಯ್ತು. ಆಮೇಲೆ ಫೋಟೋ ವಿಷಯಕ್ಕೆ ಬಂದೆ, ಹುಡುಗಿಯ ಹೆಸರೆತ್ತದೆ. ಬೇರೆಯವರ ಫೋಟೋ ಹಾಕೋ ಮುಂಚೆ ಏನು ಮಾಡಬೇಕು ಅಂತ ಕೇಳಿದೆ. "ಕೇಳಬೇಕು ಮಿಸ್" ಅಂತ ಕೋರಸ್. ಹಿಂದಿನ ಬೆಂಚಿನ ಒಬ್ಬ ಎದ್ದು "ಸ್ಕೂಲ್ ಗ್ರೂಪಲ್ಲಿ ಹಾಕೋವಾಗ ನಮ್ಮನ್ನ ಕೇಳ್ತಾರಾ ಮಿಸ್?" ಅಂದ. ಉದ್ಧಟತನದಿಂದ ಅಲ್ಲ, ನಿಜವಾಗಿ ಗೊತ್ತಾಗದೆ.

ಹಾಗಾಗಿ ಈಗ ಪಾಠಕ್ಕಿಂತ ಮೊದಲು ಶಾಲೆಗೆ ನಿಯಮ ಬರೀತಿದ್ದೀನಿ. ಸ್ಟಾಫ್ ಮೀಟಿಂಗಿನಲ್ಲಿ ಅರ್ಧ ಜನ ಒಪ್ಪಿದ್ದಾರೆ. ಸ್ಟೇಟಸ್‌ಗೆ ಮಕ್ಕಳ ಫೋಟೋ ಇಲ್ಲ. ಗುಂಪಿಗೆ ಹಾಕೋದಿದ್ರೆ ಮುಖ ಕಾಣದ ಹಾಗೆ. ಬಹುಮಾನ ಬಂದ ಮಗುವಿನ ಫೋಟೋ ಹಾಕಬೇಕಿದ್ರೆ ಪೋಷಕರ ಸಹಿ ಒಂದು, ಮಗುವನ್ನೂ ಕೇಳೋದು ಒಂದು. ಮಗು ಬೇಡ ಅಂದ್ರೆ ಅಪ್ಪ ಹೂಂ ಅಂದರೂ ಇಲ್ಲ. ಇದರ ಮೇಲೆಯೇ ಮೀಟಿಂಗಿನಲ್ಲಿ ಜಗಳ ಆಗಿದ್ದು. ಸ್ಯಾಟ್ಸ್ ಪಾಸ್‌ವರ್ಡ್ ಗೋಡೆಯಿಂದ ಅಳಿಸಿದ್ವಿ, ಹೌದು, ನಮ್ಮಲ್ಲೂ ಇತ್ತು. ಮಕ್ಕಳ ಕೈಲಿ ಎಂಟ್ರಿ ಮಾಡಿಸೋದು ಬಂದ್. ದೂರು ಹೇಳೋಕೆ ಇಬ್ಬರು ಶಿಕ್ಷಕಿಯರ ಹೆಸರು ನೋಟಿಸ್ ಬೋರ್ಡಿನಲ್ಲಿ, ಕೆಳಗೆ 1098. ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆ ಮುಂದಿನ ವಾರ, ಅಲ್ಲಿ ಪೋಷಕರಿಗೆ ಧಾರವಾಡದ ಸರ್ ಹೇಳಿದ ಯುಪಿಐ ಪಾಠವನ್ನ ಮಕ್ಕಳ ಕೈಲೇ ಮಾಡಿಸ್ತೀನಿ. ಹತ್ತನೇ ಕ್ಲಾಸಿನ ನಾಲ್ವರು ತಯಾರಾಗ್ತಿದ್ದಾರೆ.

ಫೋಟೋಗೆ ಪೋಷಕರ ಒಪ್ಪಿಗೆ ಪತ್ರದ ನಮೂನೆಯನ್ನ ಫೈಲ್ ಆಗಿ ಲಗತ್ತಿಸಿದ್ದೀನಿ. ತಿದ್ದಿ ಕೊಡಿ.

ಚಂದ್ರಗಿರಿ_ಹೊಳೆ

ಒಳ್ಳೆದಾಯ್ತು ಟೀಚರ್. "ಈ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂದೆ ಪಡೆಯಬಹುದು" ಅಂತ ಒಂದು ಸಾಲು ಸೇರಿಸಿ. ಸಹಿ ಹಾಕಿದ ಮೇಲೆ ಮುಗೀತು ಅಂತ ಪೋಷಕರು ತಿಳ್ಕೊಳ್ಳುವುದುಂಟು.

ಕಪ್ಪತಗುಡ್ಡ

ಮೇಡಂ, ನೀವು ಹಳೇ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದೀರಿ ಅನ್ಸುತ್ತೆ, ನನ್ನ ಫೋನಿನಲ್ಲಿ ಬರೀ ಗೀಚುಗೀಚಾಗಿ ಕಾಣ್ತಿದೆ. ಎಲ್ಲ ಫೋನಿನಲ್ಲೂ ಓದೋಕೆ ಬರೋ ಯೂನಿಕೋಡಿಗೆ ಬದಲಾಯಿಸಿ ಹಾಕಿ, ನಮ್ಮ ಹೆಡ್‌ಮಾಸ್ತರಿಗೂ ತೋರಿಸಬೇಕು.